ಹಾಲು ಹೆಪ್ಪಾಗದ ಮಳೆಗಾಲ

ಕೊಡಗಿನ ಮಳೆಗಾಲದಲ್ಲಿ ಹಾಲು ಸುಲಭಕ್ಕೆ ಹೆಪ್ಪಾಗುವುದಿಲ್ಲ. ರಾತ್ರಿ ಹೆಪ್ಪು ಹಾಕಿಟ್ಟದ್ದು ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲಾಗಿಯೇ ಇರುತ್ತದೆ, ಸ್ವಲ್ಪ ಹುಳಿ ವಾಸನೆ ಮಾತ್ರ ಹೊಸದು. ಅತ್ತೆ ಪಾತ್ರೆಗೆ ಹಳೆಯ ಕಂಬಳಿಯ ತುಂಡು ಸುತ್ತಿ ಒಲೆಯ ಪಕ್ಕ ಇಡುತ್ತಾರೆ, ತೊಟ್ಟಿರುವ ಒಣಮೆಣಸಿನಕಾಯಿಯೊಂದನ್ನು ಮುಳುಗಿಸುತ್ತಾರೆ. ಆದರೂ ಜುಲೈಯಲ್ಲಿ ಗಟ್ಟಿ ಮೊಸರು ಸಿಕ್ಕರೆ ಅದು ಆ ದಿನದ ಸುದ್ದಿ. 2019ರ ಜುಲೈಯಲ್ಲಿ, ಹೀಗೆ ಮನೆಯಲ್ಲಿ ಮೊಸರಿಲ್ಲದ ಒಂದು ವಾರದಲ್ಲಿ, ನನ್ನ ಎಡಗಾಲಿನ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿತು. ನನಗಾಗ ಏಳನೆಯ ತಿಂಗಳು ನಡೆಯುತ್ತಿತ್ತು.

ಅದನ್ನು ಈಗ ಬರೆಯಲು ಕಾರಣ ಒಂದು ಫೋನು. ಮೊನ್ನೆ ಕುಶಾಲನಗರದಲ್ಲಿರುವ ಚಿಕ್ಕಮ್ಮನ ಸೊಸೆ ರಾತ್ರಿ ಒಂಬತ್ತಕ್ಕೆ ವಿಡಿಯೊ ಕರೆ ಮಾಡಿದಳು. ಎಂಟು ತಿಂಗಳ ಬಸುರಿ. "ಅಕ್ಕಾ, ಪಾದ ಬಾತುಕೊಂಡಿದೆ. ಎಲ್ಲರೂ ಸಹಜ ಎನ್ನುತ್ತಾರೆ. ನಿಮಗೆ ಗೊತ್ತಿರುತ್ತದಲ್ಲ, ಅದಕ್ಕೆ ಕೇಳಿದೆ" ಎಂದಳು. ಒಂದು ಕಾಲೋ, ಎರಡೂ ಕಾಲೋ ಎಂದು ಕೇಳಿದೆ. ಅವಳು ಫೋನನ್ನು ಕೆಳಗಿಳಿಸಿ ತೋರಿಸಿದಳು. ಎರಡೂ ಪಾದಗಳು ಒಂದೇ ಸಮನೆ ಉಬ್ಬಿ, ಅವಳಿ ಮಕ್ಕಳಂತೆ ಪಕ್ಕಪಕ್ಕ ಕುಳಿತಿದ್ದವು. ನನಗೆ ಹೋದ ಉಸಿರು ಬಂತು. ನಾಳೆಯೇ ಬಿಪಿ ನೋಡಿಸಿಕೋ, ಕುಳಿತಾಗ ಕಾಲು ಮೇಲಿಟ್ಟುಕೋ, ಒಂದು ಕಾಲು ಇನ್ನೊಂದಕ್ಕಿಂತ ದಪ್ಪವಾದರೆ ಎಷ್ಟೇ ಹೊತ್ತಾಗಿರಲಿ ಫೋನು ಮಾಡು ಎಂದು ಹೇಳಿ ಇಟ್ಟೆ. ಆದರೆ ಅವಳು ಹೇಳಿದ ‘ಸಹಜ’ ಎಂಬ ಪದ ರಾತ್ರಿಯಿಡೀ ತೋಟದ ಜಿಗಣೆ ಇಂಬಳದಂತೆ ಕಚ್ಚಿಕೊಂಡಿತ್ತು.

ನನಗೂ ಎಲ್ಲರೂ ಹೇಳಿದ್ದು ಅದನ್ನೇ. ಐದನೆಯ ತಿಂಗಳಿನಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಂಡಿತ್ತು. ವೈದ್ಯರು ಒಂದು ವಾರ ವಿಶ್ರಾಂತಿ ಎಂದಿದ್ದರು. ಆ ಒಂದು ವಾರವನ್ನು ನಮ್ಮ ಮನೆ ಎರಡು ತಿಂಗಳಾಗಿ ಬೆಳೆಸಿತು. ಹಾಸಿಗೆಯಿಂದ ಸೋಫಾ, ಸೋಫಾದಿಂದ ಹಾಸಿಗೆ. ನೀರಿನ ಲೋಟ ಕೂಡ ಕೈಗೆ ಬರುತ್ತಿತ್ತು. ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಅದಕ್ಕೆ ಮೊದಲು ನೋಡಿಕೊಂಡಿರಲಿಲ್ಲ, ಆದ್ದರಿಂದ ನಾನೂ ಬೇಡವೆನ್ನಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿಕೊಂಡು ಕೊಟ್ಟಿಗೆಗೆ ಹೋಗಿ ಹೊಸ ಕರುವಿನ ಕಿವಿ ತುರಿಸಿ ಬರುವುದೊಂದೇ ನನ್ನ ಕಳ್ಳತನ. ನಮ್ಮ ಮನೆ ಮಾದಾಪುರದಿಂದ ಒಳಗೆ, ಕಾಫಿ ತೋಟದ ನಡುವೆ. ಮಳೆ ಹಿಡಿದರೆ ಕೊಟ್ಟಿಗೆಗೆ ಹೋಗಲೂ ಗಂಬೂಟು ಬೇಕು. ಒಂದು ಬೆಳಿಗ್ಗೆ ಬಲಗಾಲು ಗಂಬೂಟಿಗೆ ಸಲೀಸಾಗಿ ಇಳಿಯಿತು, ಎಡಗಾಲು ಮೀನಖಂಡದ ಹತ್ತಿರ ಸಿಕ್ಕಿಕೊಂಡಿತು. ಒಳಗೆ ಕಪ್ಪೆ ಕುಳಿತಿದೆಯೇನೋ ಎಂದು ಬೋರಲು ಹಾಕಿ ಕೊಡವಿ ನೋಡಿದೆ. (ನಮ್ಮಲ್ಲಿ ಇದು ತಮಾಷೆಯ ಮಾತಲ್ಲ.) ಕಪ್ಪೆ ಇರಲಿಲ್ಲ.

ಸೊಂಟದ ಎಡಭಾಗದಿಂದ ತೊಡೆಗೆ ಇಳಿಯುವ ಒಂದು ಮೊಂಡು ನೋವು ಅದಕ್ಕೂ ಮೂರು ದಿನ ಮೊದಲೇ ಶುರುವಾಗಿತ್ತು. ಅದಕ್ಕೆ ‘ಮಗು ನರದ ಮೇಲೆ ಕುಳಿತಿದೆ’ ಎಂಬ ವಿವರಣೆ ಸಿದ್ಧವಾಗಿತ್ತು. ಕಾಲು ಬಾತದ್ದಕ್ಕೂ ವಿವರಣೆಗಳಿಗೆ ಬರವಿರಲಿಲ್ಲ. ಅತ್ತೆ "ನಂಜು ಇಳಿದಿದೆ" ಎಂದರು. ಮಾವ "ಮಳೆಗಾಲದ ಶೀತ" ಎಂದರು. ಪಕ್ಕದ ತೋಟದವರು ಎಡಗಾಲು ಬಾತರೆ ಹೆಣ್ಣು ಮಗು ಎಂದು ತೀರ್ಪು ಕೊಟ್ಟರು. ಕೊನೆಗೆ ನಿಜವಾದದ್ದು ಅದೊಂದೇ, ಅದೂ ಕಾಲಿಗೆ ಸಂಬಂಧವಿಲ್ಲದೆ. ಪಟ್ಟಣದ ಒಂದು ಆಸ್ಪತ್ರೆಗೂ ಹೋಗಿ ಬಂದೆ. ಅಲ್ಲಿ ಬಿಪಿ ನೋಡಿದರು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಿದರು, ಎರಡೂ ಸರಿಯಿದ್ದವು. ಬಸುರಿಯ ಕಾಲು ಬಾತರೆ ಮೊದಲು ನೋಡಬೇಕಾದದ್ದೂ ಅವನ್ನೇ, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಎರಡೂ ಕಾಲು ಜೋಡಿಸಿ ಇಡಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಉಪ್ಪು ಕಡಿಮೆ ಮಾಡಿ, ಇದೆಲ್ಲ ಸಹಜ ಎಂದು ಕಳುಹಿಸಿದರು. ಅಂದಿನಿಂದ ಅತ್ತೆ ಪ್ರತಿ ರಾತ್ರಿ ಎಣ್ಣೆ ಬಿಸಿ ಮಾಡಿ, ಪಾದದಿಂದ ತೊಡೆಯವರೆಗೆ ಮೇಲ್ಮುಖವಾಗಿ ನನ್ನ ಕಾಲನ್ನು ನೀವತೊಡಗಿದರು. ಹಿತವೆನಿಸುತ್ತಿತ್ತು. ಅದು ನೆನಪಾದಾಗೆಲ್ಲ ಈಗಲೂ ಅಂಗೈ ಬೆವರುತ್ತದೆ.

ಟೇಲರ್ ಟೇಪು

ನಮ್ಮ ಭಾಗದ ಆಶಾ ಕಾರ್ಯಕರ್ತೆ ಆ ದಿನ ಬಂದದ್ದು ತಾಯಿ ಕಾರ್ಡಿನಲ್ಲಿ ಏನನ್ನೋ ತುಂಬಿಸಲು. ಕೊಡೆ ಮಡಚಿ ಜಗಲಿಯಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಕಾಫಿ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಲೋಟ ಹಿಡಿದವರು ನನ್ನ ಕಾಲನ್ನು ನೋಡುತ್ತ ಕುಳಿತರು. ಸುಮ್ಮನೆ ನೋಡುತ್ತಿದ್ದಾರೆ ಎಂದುಕೊಂಡೆ. "ಅಕ್ಕಾ, ಎರಡೂ ಕಾಲು ತೋರಿಸಿ" ಎಂದರು. ತೋರಿಸಿದೆ. "ಯಾವಾಗಿನಿಂದ ಒಂದೇ ಕಾಲು?" ಎಂದರು. ಆ ಪ್ರಶ್ನೆಯನ್ನು ಅದುವರೆಗೆ ನಾನೇ ಕೇಳಿಕೊಂಡಿರಲಿಲ್ಲ. ಕಾಲು ಬಾತಿದೆ ಎನ್ನುತ್ತಿದ್ದೆವೇ ಹೊರತು ಒಂದು ಕಾಲು ಬಾತಿದೆ ಎಂದು ಮನೆಯಲ್ಲಿ ಯಾರೂ ಅಂದಿರಲಿಲ್ಲ. ಕನ್ನಡದಲ್ಲಿ ‘ಕಾಲು ಬಾತಿದೆ’ ಎಂದರೆ ಒಂದೂ ಆಗಬಹುದು, ಎರಡೂ ಆಗಬಹುದು. ಭಾಷೆ ಅಷ್ಟು ಸಡಿಲವಾಗಿರುವ ಕಡೆ ನಮ್ಮ ಕಣ್ಣೂ ಸಡಿಲವಾಗಿತ್ತು.

ಅವರು ನನ್ನ ಹೊಲಿಗೆ ಯಂತ್ರದ ಮೇಲಿದ್ದ ಟೇಪನ್ನು ತೆಗೆದುಕೊಂಡರು. ಮಂಡಿಯಿಂದ ಕೆಳಗೆ ಒಂದು ಗೇಣು ಬಿಟ್ಟು ಎರಡೂ ಮೀನಖಂಡಗಳನ್ನು ಅಳೆದರು. ಬಲ ಮೂವತ್ತೈದು ಸೆಂಟಿಮೀಟರ್, ಎಡ ಮೂವತ್ತೊಂಬತ್ತು. ಇನ್ನೊಮ್ಮೆ ಅಳೆದರು, ಅಷ್ಟೇ. ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. "ಎರಡು ಸೆಂಟಿಮೀಟರ್ ವ್ಯತ್ಯಾಸ ಇದ್ದರೇ ಕಳುಹಿಸಬೇಕು ಎಂದು ತರಬೇತಿಯಲ್ಲಿ ಒಬ್ಬ ಡಾಕ್ಟರು ಹೇಳಿದ್ದರು. ನಾಳೆ ಬೇಡ, ಈಗ ಹೊರಡಿ. ಇನ್ನು ಆ ಕಾಲನ್ನು ಯಾರೂ ನೀವಬೇಡಿ" ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಹೊರಡಿ ಎಂದರೆ ಎಲ್ಲಿಗೆ ಎಂಬುದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಆ ವರ್ಷದ ಜೂನ್‌ನಲ್ಲಷ್ಟೇ ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನ ನಡೆದಿತ್ತು, ನಾನೂ ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಹಂಚಿಕೊಂಡಿದ್ದೆ. ಹಂಚಿಕೊಂಡ ಒಂದು ತಿಂಗಳಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಸುಂಟಿಕೊಪ್ಪ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಎಂದು ಎಣಿಸುತ್ತ ಮೈಸೂರಿಗೆ ಹೊರಟಿದ್ದೆ. ನೂರು ಕಿಲೋಮೀಟರಿಗೂ ಮೇಲೆ. ದಾರಿಯಲ್ಲಿ ಉಸಿರಾಟ ಭಾರವಾದರೆ, ಎದೆ ಚುಚ್ಚಿದರೆ ಎಲ್ಲಿದ್ದೇವೆಯೋ ಅಲ್ಲೇ ಹತ್ತಿರದ ಆಸ್ಪತ್ರೆಗೆ ನುಗ್ಗಬೇಕು ಎಂದು ಆಶಾ ಕಾರ್ಯಕರ್ತೆ ನಮ್ಮವರಿಗೆ ಹೇಳಿದ್ದರು. ಆದ್ದರಿಂದ ಅವರು ಪ್ರತಿ ಐದು ನಿಮಿಷಕ್ಕೊಮ್ಮೆ "ಉಸಿರು?" ಎನ್ನುತ್ತಿದ್ದರು. ಹುಣಸೂರು ದಾಟುವ ಹೊತ್ತಿಗೆ ಆ ಪ್ರಶ್ನೆಯಿಂದಲೇ ನನಗೆ ಉಸಿರುಗಟ್ಟುವಂತಾಗಿತ್ತು.

ಡಾಪ್ಲರ್ ಸ್ಕ್ಯಾನ್ ಎಂಬುದು ನೋಡಲು ಬಲು ಸಾದಾ. ಸ್ಕ್ಯಾನಿನ ಹಿಡಿಯನ್ನು ತೊಡೆಸಂದಿಯಿಂದ ಕೆಳಕ್ಕೆ ಅಂಗುಲ ಅಂಗುಲವಾಗಿ ಒತ್ತುತ್ತ ಬರುತ್ತಾರೆ. ಒಳ್ಳೆಯ ಅಭಿಧಮನಿ ಒತ್ತಿದಾಗ ಚಪ್ಪಟೆಯಾಗಿ ಪರದೆಯಿಂದ ಮಾಯವಾಗುತ್ತದೆ, ಕೈ ಬಿಟ್ಟಾಗ ಮತ್ತೆ ಬಾಯಿ ತೆರೆಯುತ್ತದೆ. ಹೆಪ್ಪು ತುಂಬಿದ್ದು ಒತ್ತಿದರೂ ಜಗ್ಗುವುದಿಲ್ಲ. ನನ್ನ ಬಲಗಾಲಿನಲ್ಲಿ ಆ ಪುಟ್ಟ ಕಪ್ಪು ಬಾಯಿಗಳು ಮುಚ್ಚಿ ತೆರೆಯುವುದನ್ನು ನೋಡಿದೆ. ಎಡತೊಡೆಯಲ್ಲಿ ಅದು ಸುಮ್ಮನೆ ನಿಂತಿತ್ತು, ಮುಚ್ಚಲೇ ಇಲ್ಲ. ಸ್ಕ್ಯಾನ್ ಮಾಡುತ್ತಿದ್ದವರು ಏನೂ ಹೇಳುವ ಮೊದಲೇ ನನಗೆ ಗೊತ್ತಾಯಿತು.

ವೈದ್ಯೆ ಸಮಾಧಾನದ ಹೆಂಗಸು. ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದವರು ಎಣ್ಣೆಯ ವಿಷಯ ಬಂದಾಗ ಪೆನ್ನು ನಿಲ್ಲಿಸಿದರು. ನೀವಿದಾಗ ಹೆಪ್ಪಿನ ತುಂಡು ಕಳಚಿಕೊಂಡು ರಕ್ತದೊಡನೆ ಮೇಲೇರಬಹುದು, ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು, ದೊಡ್ಡ ತುಂಡಾದರೆ ನಿಮಿಷಗಳಲ್ಲಿ ಮುಗಿಯುತ್ತದೆ ಎಂದು ಮೆಲ್ಲನೆ ಹೇಳಿದರು. ಗದರಲಿಲ್ಲ. ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಆಮೇಲೆ ಮಗಳಿಗೆ ಎಣ್ಣೆ ನೀವಿದರು, ನನ್ನ ತಲೆಗೆ ನೀವಿದರು, ಆದರೆ ಇಂದಿನವರೆಗೂ ನನ್ನ ಎಡಗಾಲನ್ನು ಮುಟ್ಟಿಲ್ಲ. ನಾನೇ ಒಮ್ಮೆ "ಈಗ ಏನೂ ಆಗುವುದಿಲ್ಲ, ನೀವಿ ಅತ್ತೆ" ಎಂದೆ. ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಎದ್ದು ಹೋದರು.

ಎಡಗಾಲೇ ಏಕೆ

ಗರ್ಭಿಣಿಯರಲ್ಲಿ ಕಾಲಿನ ಹೆಪ್ಪು ಹತ್ತರಲ್ಲಿ ಎಂಟಕ್ಕೂ ಹೆಚ್ಚು ಬಾರಿ ಎಡಗಾಲಿನಲ್ಲೇ ಆಗುತ್ತದೆ. ಇದನ್ನು ಕೇಳಿದಾಗ ಎಡ ಎಂದರೆ ಅಪಶಕುನ ಎನ್ನುವ ನಮ್ಮೂರಿನವರ ಮುಖಗಳು ಕಣ್ಣ ಮುಂದೆ ಬಂದವು. ಕಾರಣ ಮಾತ್ರ ಕೊಳಾಯಿ ಕೆಲಸದವನಿಗೂ ಅರ್ಥವಾಗುವಂಥದ್ದು. ಹೊಟ್ಟೆಯ ಕೆಳಭಾಗದಲ್ಲಿ ಬಲಗಾಲಿಗೆ ಹೋಗುವ ಅಪಧಮನಿ, ಎಡಗಾಲಿನಿಂದ ಮೇಲೆ ಬರುವ ಅಭಿಧಮನಿಯ ಮೇಲೆ ಅಡ್ಡ ಹಾದು ಹೋಗುತ್ತದೆ. ಅಪಧಮನಿ ಗಟ್ಟಿ, ಅಭಿಧಮನಿ ಮೆದು, ಹಿಂದೆ ಬೆನ್ನುಮೂಳೆ. ಎಲ್ಲರಲ್ಲೂ ಹೀಗೆಯೇ. ಬಸುರಿಯಲ್ಲಿ ಇದರ ಮೇಲೆ ಗರ್ಭಕೋಶದ ಭಾರವೂ ಬೀಳುತ್ತದೆ. ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪೈಪಿನ ಮೇಲೆ ಯಾರಾದರೂ ಜೀಪು ನಿಲ್ಲಿಸಿದರೆ ಏನಾಗುತ್ತದೆಯೋ ಅದೇ ಆಗುತ್ತದೆ. ಹರಿವು ನಿಧಾನವಾದಲ್ಲಿ ಕೆಸರು ಕೂರುತ್ತದೆ. ನನ್ನ ಸೊಂಟದ ನೋವಿನ ಮೂಲವೂ ಅಲ್ಲೇ ಇತ್ತು. ಬಸುರಿಯರಲ್ಲಿ ಹೆಪ್ಪು ಎಷ್ಟೋ ಸಲ ಮೀನಖಂಡವನ್ನು ಬಿಟ್ಟು ತೊಡೆಯಲ್ಲಿ, ಸೊಂಟದೊಳಗೆ ಶುರುವಾಗುತ್ತದೆ. ಆಗ ಮೊದಲು ನೋಯುವುದು ಬೆನ್ನು ಅಥವಾ ಪೃಷ್ಠ. ಬೆನ್ನು ನೋಯದ ಬಸುರಿ ಯಾರಿದ್ದಾರೆ? ಅದಕ್ಕೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹರಿವು ನಿಧಾನವಾಗುವುದು, ರಕ್ತವೇ ಹೆಪ್ಪುಗಟ್ಟಲು ಸಿದ್ಧವಾಗಿರುವುದು, ನಾಳದ ಒಳಗೋಡೆಗೆ ಗಾಯವಾಗುವುದು ಎಂಬ ಮೂರು ಕಾರಣಗಳನ್ನು 1856ರ ಹೊತ್ತಿಗೆ ಬರೆದ ಜರ್ಮನಿಯ ರುಡಾಲ್ಫ್ ವಿರ್ಖೋ ಅವರ ಹೆಸರಿನಲ್ಲೇ ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುತ್ತಾರೆ. ಬಸುರಿಗೆ ಮೊದಲೆರಡು ಮನೆಬಾಗಿಲಿಗೇ ಬಂದಿರುತ್ತವೆ, ಮೂರನೆಯದು ಹೆರಿಗೆಯಲ್ಲಿ ಕಾದಿರುತ್ತದೆ. ನನಗೆ ತುಂಬ ಯೋಚನೆಗೆ ಹಚ್ಚಿದ್ದು ಎರಡನೆಯದು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದ ಕ್ಷಣ ಅಷ್ಟೂ ನಾಳಗಳು ಬಾಯಿ ತೆರೆದು ನಿಲ್ಲುತ್ತವೆ. ಆ ಒಂದು ಗಳಿಗೆಗಾಗಿ ದೇಹ ತಿಂಗಳುಗಟ್ಟಲೆ ಮೊದಲೇ ಸಿದ್ಧವಾಗುತ್ತದೆ: ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್‌ನಂಥ ಅಂಶಗಳನ್ನು ಏರಿಸುತ್ತದೆ, ಹೆಪ್ಪನ್ನು ತಡೆಯುವ ಪ್ರೋಟೀನ್ ಎಸ್ ಅನ್ನು ಇಳಿಸುತ್ತದೆ. ಅಂದರೆ ಹೆರಿಗೆಯಲ್ಲಿ ನನ್ನನ್ನು ಉಳಿಸಲು ಕೂಡಿಟ್ಟ ಸರಕೇ ಜುಲೈಯಲ್ಲಿ ನನ್ನ ತೊಡೆಯಲ್ಲಿ ಗಟ್ಟಿಯಾಯಿತು. ಹೀಗೆ ಎಲ್ಲ ಬಸುರಿಯರ ರಕ್ತವೂ ಬದಲಾಗುತ್ತದೆ, ಆದರೆ ಹೆಪ್ಪು ಕಾಣಿಸಿಕೊಳ್ಳುವುದು ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ. ಅದೇ ವಯಸ್ಸಿನ ಬಸುರಿಯಲ್ಲದ ಹೆಣ್ಣಿಗಿಂತ ಇದು ನಾಲ್ಕೈದು ಪಟ್ಟು ಹೆಚ್ಚು. ಎರಡು ತಿಂಗಳು ಹಾಸಿಗೆ ಹಿಡಿಸಿದ ಪ್ರೀತಿ ನನ್ನನ್ನು ಆ ಒಬ್ಬರ ಸಾಲಿಗೆ ಎಷ್ಟು ದೂರ ತಳ್ಳಿತು ಎಂದು ಅಳೆಯಲು ಟೇಪು ಇಲ್ಲ. ವೈದ್ಯೆ ಅದನ್ನು ಕೇಳಿ "ಹೂಂ" ಎಂದು ಮಾತ್ರ ಅಂದರು.

ನನಗೆ ಕೊಟ್ಟದ್ದು ಎನಾಕ್ಸಪ್ಯಾರಿನ್ ಎಂಬ ಚುಚ್ಚುಮದ್ದು, ಹೆಪಾರಿನ್ ಜಾತಿಯದು. ಹೆಪಾರಿನ್ ಪತ್ತೆಯಾದದ್ದು 1916ರಲ್ಲಿ, ಅಮೆರಿಕದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಯ ಕೈಯಲ್ಲಿ. ಆಮೇಲೆ ಯಕೃತ್ತಿನ ಗ್ರೀಕ್ ಹೆಸರಿನಿಂದ ಅದಕ್ಕೆ ಹೆಪಾರಿನ್ ಎಂದು ಹೆಸರಿಟ್ಟರು. ನನ್ನ ಅಜ್ಜಿಗೆ ಗ್ರೀಕ್ ಬೇಕಾಗಲಿಲ್ಲ. ಅವರು ಮೊದಲ ದಿನದಿಂದಲೇ ಅದನ್ನು ‘ಹೆಪ್ಪಿನ ಸೂಜಿ’ ಎಂದರು. ಅದನ್ನು ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುತ್ತಾರೆ ಎಂದು ನಮ್ಮವರು ಓದಿ ಹೇಳಿದಾಗ ಮಾವ ಪತ್ರಿಕೆಯಿಂದ ತಲೆ ಎತ್ತಿ "ಹಾಗಾದರೆ ನಮ್ಮೂರಿನ ಮದ್ದೇ" ಎಂದರು. ಆ ಇಡೀ ತಿಂಗಳಲ್ಲಿ ಮನೆಯವರೆಲ್ಲ ನಕ್ಕದ್ದು ಅದೊಂದೇ ಸಲ. ಆಗಲೇ ಇರುವ ಹೆಪ್ಪನ್ನು ಈ ಮದ್ದು ಕರಗಿಸುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತದೆ, ಕರಗಿಸುವ ಕೆಲಸವನ್ನು ದೇಹವೇ ತಿಂಗಳುಗಟ್ಟಲೆ ತೆಗೆದುಕೊಂಡು ಮಾಡುತ್ತದೆ. ಮಾತ್ರೆ ಏಕೆ ಕೊಡುವುದಿಲ್ಲ ಎಂದು ಕೇಳಿದೆ. ವಾರ್ಫರಿನ್ ಮಾತ್ರೆ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ, ಹೆಪಾರಿನ್ ದಾಟುವುದಿಲ್ಲ. (ವಾರ್ಫರಿನ್ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ, 1948ರಲ್ಲಿ. ಇದನ್ನು ನಮ್ಮವರು ಓದಿದ್ದರೂ ನನಗೆ ಹೇಳಿದ್ದು ಹೆರಿಗೆಯಾದ ಮೇಲೆ.)

ಒಂದು ವಿಷಯ ತೋಟದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂಬಳ ಕಚ್ಚಿ ಬಿಟ್ಟ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಸುಣ್ಣ ಹಚ್ಚಿ, ಹೊಗೆಸೊಪ್ಪು ಒತ್ತಿ ಕಾಯುತ್ತೇವೆ. ಜಿಗಣೆಯಲ್ಲಿ ರಕ್ತ ಹೆಪ್ಪಾಗದಂತೆ ತಡೆಯುವ ಅಂಶವಿದೆ ಎಂದು 1884ರಲ್ಲೇ ಜಾನ್ ಹೇಕ್ರಾಫ್ಟ್ ತೋರಿಸಿದ್ದರು, ಹೆಪಾರಿನ್‌ಗೂ ಮೂವತ್ತು ವರ್ಷ ಮೊದಲು. ಸೂಜಿ ಶುರುವಾದ ಮೇಲೆ ನನಗೆ ತೋಟಕ್ಕೆ ಇಳಿಯುವುದೂ ನಿಂತಿತು. ಎರಡು ಮದ್ದು ಒಂದೇ ಕಾಲಿಗೆ ಬೇಡ ಎಂದು.

ಆಟಿ ಹದಿನೆಂಟು

ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ನೇರವಾಗಿ ಚುಚ್ಚಬೇಕು, ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಬಾರದು, ಚುಚ್ಚಿದ ಮೇಲೆ ಉಜ್ಜಬಾರದು. ಒಂದೊಂದು ಸೂಜಿಗೂ ಹತ್ತಿರ ಹತ್ತಿರ ತೋಟದ ಒಂದು ದಿನದ ಕೂಲಿಯಷ್ಟು ಬೆಲೆ. ಎರಡು ವಾರದಲ್ಲಿ ನನ್ನ ಹೊಟ್ಟೆ ನೇರಳೆ, ಹಸಿರು, ಹಳದಿ ಕಲೆಗಳ ನಕ್ಷೆಯಾಯಿತು. ನಮ್ಮ ತೋಟದ ಕೂಲಿಯವರ ಲೈನ್‌ಮನೆಯಲ್ಲೂ ಆಗ ಒಬ್ಬಳು ಬಸುರಿ ಇದ್ದಳು, ಕೊನೆಯವರೆಗೂ ಕಳೆ ತೆಗೆಯುತ್ತಿದ್ದಳು. ಅವಳ ಕಾಲು ಬಾಯಲಿಲ್ಲ, ಪುಣ್ಯ. ಬಾತಿದ್ದರೆ ದಿನಕ್ಕೆ ಎರಡು ಕೂಲಿಯನ್ನು ಹೊಟ್ಟೆಗೆ ಚುಚ್ಚಿಕೊಳ್ಳುವುದು ಹೇಗೆ ಎಂಬ ಲೆಕ್ಕ ನಾನು ಆಗ ಮಾಡಲಿಲ್ಲ, ಈಗ ಮಾಡಿದರೆ ನಾಚಿಕೆಯಾಗುತ್ತದೆ.

ಹಿಂದಿನ ವರ್ಷದ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಲ ಗುಡ್ಡಗಳು ಜಾರಿ ರಸ್ತೆಗಳೇ ಇಲ್ಲವಾಗಿದ್ದವು. ಆ ಭಯದಿಂದ ನಮ್ಮವರು ಒಂದೂವರೆ ತಿಂಗಳಿಗಾಗುವಷ್ಟು ಸೂಜಿ ತಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಮಳೆ ಜೋರಾದ ರಾತ್ರಿಗಳಲ್ಲಿ ಎದ್ದು ಟಾರ್ಚು ಹಾಕಿ ಎಣಿಸುತ್ತಿದ್ದರು. ಬೇರೆ ಮನೆಗಳಲ್ಲಿ ಅಕ್ಕಿ ಎಣಿಸುವಂತೆ.

ಆಸ್ಪತ್ರೆಯಿಂದ ಕಳುಹಿಸುವಾಗ ನರ್ಸು ಒಂದು ಎಚ್ಚರಿಕೆ ಕೊಟ್ಟಿದ್ದರು: ವಸಡಿನಲ್ಲಿ ರಕ್ತ, ಕಪ್ಪು ಮಲ, ಕೆಂಪು ಮೂತ್ರ ಕಂಡರೆ ಸೂಜಿ ಹಾಕಿಕೊಳ್ಳದೆ ಕೂಡಲೇ ಫೋನು ಮಾಡಬೇಕು. ಕೊಡವರು ಕಕ್ಕಡ ಎನ್ನುವ ತಿಂಗಳಿಗೆ ನಮ್ಮ ಮನೆಯಲ್ಲಿ ಆಟಿ ಎನ್ನುತ್ತೇವೆ. ಅದರ ಹದಿನೆಂಟನೆಯ ದಿನ, ಆಗಸ್ಟ್ 3ರಂದು, ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಅತ್ತೆ ಪಾಯಸ ಮಾಡಿದ್ದರು. ನನಗೆ ಎರಡೇ ಚಮಚ, ಶಾಸ್ತ್ರಕ್ಕೆ. ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ನಾನು ಕೂಗಿದ ಕೂಗಿಗೆ ನಾಯಿ ಬೊಗಳಿತು, ನಮ್ಮವರು ಜೀಪಿನ ಕೀಲಿ ಹುಡುಕಿದರು. ಕೆಂಪು. ಅನುಮಾನವೇ ಇಲ್ಲ. ಅತ್ತೆ ಬಾಗಿಲ ಹೊರಗೆ ನಿಂತು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ "ಮಗಳೇ, ಇವತ್ತು ಕೊಡಗಿನಲ್ಲಿ ಎಲ್ಲರದ್ದೂ ಕೆಂಪೇ" ಎಂದರು.

ಮದ್ದುಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ ಎಂದು ಹುಟ್ಟಿದಂದಿನಿಂದ ಗೊತ್ತಿದ್ದ ನಾನು, ಚಿಕ್ಕವಳಿದ್ದಾಗ ತಮ್ಮನೊಡನೆ ಯಾರದ್ದು ಹೆಚ್ಚು ಕೆಂಪು ಎಂದು ಜಗಳವಾಡಿದ್ದ ನಾನು, ಅದನ್ನು ಪೂರ್ತಿ ಮರೆತಿದ್ದೆ. ಆದರೂ ಮೈಸೂರಿಗೆ ಫೋನು ಮಾಡಿದೆ. ವೈದ್ಯೆಗೆ ಸೊಪ್ಪಿನ ಕಥೆ ಅರ್ಥ ಮಾಡಿಸಲು ಹತ್ತು ನಿಮಿಷ ಬೇಕಾಯಿತು. ಸೊಪ್ಪಿನದೇ ಇರಬಹುದು, ಆದರೆ ಇರಬಹುದು ಎಂದು ಬಿಡಲಾಗುವುದಿಲ್ಲ, ಪರೀಕ್ಷೆ ಮಾಡಿಸಿ ಎಂದರು. ರಕ್ತ ತೆಳುವಾಗಿಸುವ ಮದ್ದಿನಲ್ಲಿರುವಾಗ ಕೇಳದೆ ಯಾವ ಸೊಪ್ಪನ್ನೂ ತಿನ್ನಬೇಡಿ ಎಂದು ಆ ದಿನ ಮಾತ್ರ ಚೆನ್ನಾಗಿಯೇ ಗದರಿದರು. ಪರೀಕ್ಷೆಯಲ್ಲಿ ರಕ್ತವಿರಲಿಲ್ಲ. ಆ ಬೆಳಿಗ್ಗೆ ಅತ್ತೆಯೂ ಸರಿ, ವೈದ್ಯೆಯೂ ಸರಿ. ಜುಲೈಯ ‘ಸಹಜ’ಕ್ಕೂ ಆಗಸ್ಟಿನ ಈ ‘ಸಹಜ’ಕ್ಕೂ ನಡುವೆ ಇದ್ದದ್ದು ಒಂದು ಪರೀಕ್ಷೆಯ ವ್ಯತ್ಯಾಸ.

ನಲವತ್ತು ದಿನ

ಅಕ್ಟೋಬರಿನ ಮೊದಲ ವಾರ ದಿನ ಗೊತ್ತುಮಾಡಿ, ಇಪ್ಪತ್ತನಾಲ್ಕು ಗಂಟೆ ಮೊದಲು ಸೂಜಿ ನಿಲ್ಲಿಸಿ, ಮೈಸೂರಿನಲ್ಲಿ ಹೆರಿಗೆ ಮಾಡಿಸಿದರು. ಸಲೀಸಾಗಿ ಆಯಿತು. ರಕ್ತಸ್ರಾವ ಹತೋಟಿಯಲ್ಲಿದೆ ಎಂದು ಖಚಿತವಾದ ಮೇಲೆ ಮತ್ತೆ ಸೂಜಿ. ಬಾಣಂತನಕ್ಕೆ ಶನಿವಾರಸಂತೆಯ ಕಡೆಯ ತವರಿಗೆ ಹೋದೆ. ಅಲ್ಲಿ ಅಜ್ಜಿ ಇದ್ದರು, ಅಮ್ಮನ ಅಮ್ಮ, ಎಂಬತ್ತು ದಾಟಿದವರು, ಆ ಊರಿನ ಅರ್ಧ ಬಾಣಂತನಗಳನ್ನು ನೋಡಿದವರು.

ವೈದ್ಯೆ ಹೇಳಿದ್ದರು: ಹೆಪ್ಪಿನ ಅಪಾಯ ಬಸುರಿಗಿಂತ ಬಾಣಂತಿಗೆ ಹೆಚ್ಚು, ಮೊದಲ ಆರು ವಾರ ಬಹಳ ಎಚ್ಚರ. ಅಜ್ಜಿ ಹೇಳಿದರು: ನಲವತ್ತು ದಿನ ಬಾಣಂತಿಯ ಒಂದು ಕಾಲು ಮಸಣದಲ್ಲಿರುತ್ತದೆ. ಆರು ವಾರವೆಂದರೆ ನಲವತ್ತೆರಡು ದಿನ. ಇಬ್ಬರ ಲೆಕ್ಕಕ್ಕೂ ಎರಡೇ ದಿನದ ಅಂತರ. ಜಗಳ ಇದ್ದದ್ದು ಆ ದಿನಗಳಲ್ಲಿ ಏನು ಮಾಡಬೇಕು ಎಂಬುದರಲ್ಲಿ. ಓಡಾಡು, ನೀರು ಚೆನ್ನಾಗಿ ಕುಡಿ, ಒತ್ತಿ ಹಿಡಿಯುವ ಬಿಗಿ ಕಾಲುಚೀಲ ಹಾಕು ಎಂದು ಅಲ್ಲಿ. ಮಲಗು, ನೀರು ಮುಟ್ಟಬೇಡ, ಹೊಟ್ಟೆಗೆ ಬಟ್ಟೆ ಬಿಗಿ ಎಂದು ಇಲ್ಲಿ. ಕರಿಮೆಣಸಿನ ಸಾರು, ಬೆಳ್ಳುಳ್ಳಿ, ಹಂಡೆಯ ಬಿಸಿನೀರಿನ ಸ್ನಾನ, ಸಾಂಬ್ರಾಣಿ ಹೊಗೆ ಎಲ್ಲಕ್ಕೂ ನಾನು ತಲೆ ಕೊಟ್ಟೆ, ನಿಜ ಹೇಳಬೇಕೆಂದರೆ ಅವು ನನಗೆ ಬೇಕಾಗಿಯೂ ಇದ್ದವು. ನೀರಿನ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಇನ್ನೂ ಗಟ್ಟಿಯಾಗುತ್ತದೆ. ಬಾಣಂತಿಯರಲ್ಲಿ ಮೆದುಳಿನ ಅಭಿಧಮನಿಗಳಲ್ಲೂ ಹೆಪ್ಪುಗಟ್ಟುತ್ತದೆ, ತಡೆಯಲಾರದ ತಲೆನೋವಿನಿಂದ ಶುರುವಾಗಿ ಫಿಟ್ಸ್ ಬರುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ಬರೆಯುತ್ತ ಬಂದಿದ್ದಾರೆ. ನಮ್ಮ ಕಡೆ ‘ಬಾಣಂತಿ ಸನ್ನಿ’ ಎಂದು ಮಂತ್ರ ಹಾಕಿಸಿದವರಲ್ಲಿ ಎಷ್ಟು ಜನರಿಗೆ ಇದಾಗಿತ್ತೋ. ಕೊನೆಗೆ ಒಪ್ಪಂದವಾಯಿತು: ಬರಿನೀರು ಬೇಡ, ಜೀರಿಗೆ ಕುದಿಸಿದ ನೀರನ್ನು ಎಷ್ಟು ಬೇಕಾದರೂ ಕುಡಿಯಬಹುದು. ಜೀರಿಗೆ ಬಿದ್ದ ಮೇಲೆ ಅದು ನೀರಲ್ಲ, ಕಷಾಯ ಎಂದು ಅಜ್ಜಿ ತಮ್ಮ ಕಾನೂನನ್ನೇ ತಿದ್ದಿಕೊಂಡರು.

ನಡೆಯುವುದಕ್ಕೆ ಒಪ್ಪಲಿಲ್ಲ. ಗಾಳಿ ತಾಗುತ್ತದೆ. ಒಂಬತ್ತನೆಯ ದಿನ ಸಂಜೆ ನಾನು ಸಿಟ್ಟಿನಿಂದ, ಅಳುತ್ತಲೇ, ನನ್ನ ಕಾಲಿಗೆ ಏನಾಗಿತ್ತು ಎಂಬುದನ್ನು ಮೊದಲಿನಿಂದ ಹೇಳಿದೆ. ಯುರೋಪಿನಲ್ಲೂ ಹಿಂದೆ ಬಾಣಂತಿಯ ಕಾಲು ಬಿಳಿಚಿ ಊದಿದರೆ ಎದೆಗೆ ಬರಬೇಕಾದ ಹಾಲು ಕಾಲಿಗೆ ಇಳಿದಿದೆ ಎಂದುಕೊಂಡು ‘ಹಾಲುಗಾಲು’ ಎನ್ನುತ್ತಿದ್ದರಂತೆ, ಹಾಸಿಗೆಯಲ್ಲೇ ಮಲಗಿಸುತ್ತಿದ್ದರಂತೆ, ಒಂದು ದಿನ ಎದ್ದು ನಿಂತವಳು ಅಲ್ಲೇ ಬೀಳುತ್ತಿದ್ದಳಂತೆ ಎಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು.

"ನನ್ನ ನಾದಿನಿ" ಎಂದರು. ಬಹಳ ಹೊತ್ತು ಮತ್ತೇನೂ ಹೇಳಲಿಲ್ಲ. ಆಮೇಲೆ ಹೇಳಿದರು. ಹನ್ನೊಂದನೆಯ ದಿನ, ನೀರು ಹಾಕಿಸಿಕೊಳ್ಳಲು ಎದ್ದವಳು ಬಚ್ಚಲಿನ ಬಾಗಿಲ ಚೌಕಟ್ಟು ಹಿಡಿದಳು. ಅತ್ತಿಗೆ, ಉಸಿರು ಎಂದಳು. ಅಷ್ಟೇ. ಗಾಳಿ ಹೊಡೆಯಿತು ಎಂದರು ಎಲ್ಲರೂ. ಆ ಮೇಲೆ ಅಜ್ಜಿ ಯಾವ ಬಾಣಂತಿಯನ್ನೂ ನಲವತ್ತು ದಿನ ಏಳಲು ಬಿಟ್ಟಿರಲಿಲ್ಲ. ಎದ್ದದ್ದಕ್ಕೇ ಸತ್ತಳು ಎಂದು ಅವರು ಅರವತ್ತು ವರ್ಷ ನಂಬಿದ್ದರು. "ಅವಳ ಕಾಲೂ ಊದಿತ್ತು ಕೂಸೇ. ಒಂದೇ ಕಾಲು. ಎಡವೋ ಬಲವೋ ನೆನಪಾಗುವುದಿಲ್ಲ" ಎಂದರು. ಆ ಹೆಣ್ಣಿಗೆ ಆದದ್ದು ಇದೇ ಎಂದು ಇಷ್ಟು ವರ್ಷಗಳ ಮೇಲೆ ಯಾರೂ ಹೇಳಲಾರರು. ನಾನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಅಜ್ಜಿ ನನ್ನ ತಲೆಗೆ ಉಣ್ಣೆಯ ಟೋಪಿ, ಕಿವಿಗೆ ಹತ್ತಿ, ಮೈಗೆ ಎರಡು ಶಾಲು ಹೊದಿಸಿ, ತಮ್ಮ ಊರುಗೋಲಿನೊಡನೆ ಜಗಲಿಗೆ ಕರೆತಂದರು. ಜಗಲಿಯ ಈ ತುದಿಯಿಂದ ಆ ತುದಿಗೆ ಹದಿನಾಲ್ಕು ಹೆಜ್ಜೆ. ನನಗಿಂತ ಅವರೇ ನಿಧಾನ. ಪ್ರತಿ ಸುತ್ತಿಗೆ ಒಂದು ಅಡಿಕೆ ಚೂರನ್ನು ಕಟ್ಟೆಯ ಮೇಲಿಡುತ್ತಿದ್ದರು, ಲೆಕ್ಕ ತಪ್ಪದಿರಲಿ ಎಂದು.

ಸೂಜಿ ನಿಂತು, ಸ್ಕ್ಯಾನಿನಲ್ಲಿ ಹರಿವು ಬಹುಪಾಲು ತೆರೆದಿದೆ ಎಂದ ಮೇಲೆ ಆಶಾ ಕಾರ್ಯಕರ್ತೆ ಮತ್ತೆ ಮನೆಗೆ ಬಂದರು, ಚೀಲದಲ್ಲಿ ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆ ಇತ್ತು. ನನಗೆ ಈಸ್ಟ್ರೋಜೆನ್ ಇರುವ ಮಾತ್ರೆ ಇನ್ನು ಬದುಕಿನಲ್ಲೇ ಆಗದು, ಅದೂ ಹೆಪ್ಪುಗಟ್ಟಿಸುತ್ತದೆ. ಇನ್ನೊಮ್ಮೆ ಬಸುರಾದರೆ ಮೊದಲ ತಿಂಗಳುಗಳಿಂದಲೇ ಸೂಜಿ ಎಂದು ವೈದ್ಯೆ ಬರೆದುಕೊಟ್ಟಿದ್ದಾರೆ. ಆಶಾ ಕಾರ್ಯಕರ್ತೆ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಈ ಸಲ ಕಾಫಿಯನ್ನು ಪೂರ್ತಿ ಕುಡಿದರು.

ಎಡಗಾಲು ಸಂಜೆಯ ಹೊತ್ತಿಗೆ ಇನ್ನೂ ಸ್ವಲ್ಪ ಭಾರವಾಗುತ್ತದೆ, ಒಂದು ಸೆಂಟಿಮೀಟರಿನಷ್ಟು ದಪ್ಪವಾಗುತ್ತದೆ. ಹೆಪ್ಪು ಕರಗಿದರೂ ಅಭಿಧಮನಿಯೊಳಗಿನ ಕವಾಟಗಳು ಮೊದಲಿನಂತಾಗುವುದಿಲ್ಲ. ಮಳೆಗಾಲಕ್ಕೆ ಮೊದಲು ನಾನು ಗಂಬೂಟು ಎರಡು ಜೊತೆ ಕೊಳ್ಳುತ್ತೇನೆ, ಆರು ನಂಬರು ಒಂದು, ಏಳು ನಂಬರು ಒಂದು. ಬಲಗಾಲಿಗೆ ಆರು, ಎಡಗಾಲಿಗೆ ಏಳು. ಉಳಿದ ಬೇರೆ ಬೇರೆ ಅಳತೆಯ ಆ ಎರಡು ಗಂಬೂಟುಗಳು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿರುತ್ತವೆ. ಮಗಳು ಅವುಗಳೊಳಗೆ ತೊಡೆಯವರೆಗೆ ಇಳಿದು ಅಂಗಳದ ಕೆಸರಿನಲ್ಲಿ ದಬದಬ ನಡೆಯುತ್ತಾಳೆ. ಹಾಕಿಕೊಳ್ಳುವ ಮೊದಲು ಬೋರಲು ಹಾಕಿ ಕಪ್ಪೆ ಇದೆಯೇ ಎಂದು ನೋಡುವುದನ್ನು ಮಾತ್ರ ನನ್ನಿಂದಲೇ ಕಲಿತಿದ್ದಾಳೆ.